ದಾರಿಯಲ್ಲಿರುವವರ ಎಲೆ

ಆ ಊರಿನಲ್ಲಿ ಕಲ್ಲು ನಿಲ್ಲಿಸುವ ತನಕ ಯಾರೂ ಸಾಯುವಂತಿರಲಿಲ್ಲ. ಉಸಿರು ನಿಂತರೆ ಸಾಲದು, ಹೆಂಡತಿ ಮಕ್ಕಳು ಬಾಯಿ ಬಡಿದುಕೊಂಡರೂ ಸಾಲದು. ಊರ ಗುರಿಕಾರ ಬಂದು, ನೋಡಿ, ಒಪ್ಪಿ, ಕಡಲ ದಿಬ್ಬದ ಮೇಲೆ ಕಲ್ಲು ನಿಲ್ಲಿಸಬೇಕು. ಆಮೇಲೆಯೇ ಸತ್ತವನು ಸತ್ತ. ಕಲ್ಲಿಗೆ ಎರಡೇ ದಾರಿ. ಒಂದೋ, ಹೆಣ ಅಂಗಳದಲ್ಲಿ ಮಲಗಿರಬೇಕು. ಇಲ್ಲವೋ, ಮನುಷ್ಯ ಯುದ್ಧದಲ್ಲಿ ಆಯುಧ ಹಿಡಿದು ಬಿದ್ದಿರಬೇಕು. ಅಂಥವನ ಹೆಣ ಸಿಗದಿದ್ದರೂ ಅಡ್ಡಿಯಿಲ್ಲ, ಕಲ್ಲಿನಲ್ಲಿ ಅವನ ಕೈಗೊಂದು ಕತ್ತಿ ಕೊಟ್ಟು ನಿಲ್ಲಿಸಿಬಿಡುತ್ತಾರೆ. ಈ ಎರಡಕ್ಕೂ ಸೇರದವರನ್ನು ಆ ಊರು ಸತ್ತವರು ಎನ್ನುತ್ತಿರಲಿಲ್ಲ. ದಾರಿಯಲ್ಲಿದ್ದಾರೆ ಎನ್ನುತ್ತಿತ್ತು.

ದಾರಿಯಲ್ಲಿದ್ದವರು ಅಕ್ಕಿಯ ಹಡಗಿನವರು.

ಊರು ಇದ್ದದ್ದು ಮರಳ ಮೇಲೆ. ತೆಂಗಿತ್ತು, ಮೀನಿತ್ತು, ಉಪ್ಪಂತೂ ಬೇಡವೆನ್ನುವಷ್ಟಿತ್ತು. ಆದರೆ ಒಂದು ಹಿಡಿ ಭತ್ತ ಬೆಳೆಯುವ ನೆಲವಿರಲಿಲ್ಲ. ಅಕ್ಕಿ ಬರಬೇಕಿದ್ದರೆ ಆಚೆ ದಡದಿಂದ, ಹಡಗಿನಲ್ಲಿ. ಹೀಗಿರುವಾಗ ಇಬ್ಬರು ರಾಜರಿಗೆ ನೀರಿನ ಮೇಲೆ ಯುದ್ಧ ಹತ್ತಿತು. ಯಾವ ರಾಜರು, ಯಾತಕ್ಕೆ ಎಂದು ಕೇಳಬೇಡಿ, ಹಡಗಿನವರಿಗೂ ಗೊತ್ತಿರಲಿಲ್ಲ. ಇಬ್ಬರೂ ಕಣ್ಣಿಗೆ ಬಿದ್ದ ಹಡಗನ್ನೆಲ್ಲ ಸುಡತೊಡಗಿದರು. ಊರಿನ ಕೆಲವು ಗಂಡಸರು ಕತ್ತಿ ಹಿಡಿದು ಒಬ್ಬ ರಾಜನ ಕಡೆ ಹೋದರು. ಉಳಿದವರು ಎಂದಿನಂತೆ ಅಕ್ಕಿ ತರಲು ಹೋದರು. ಹೋದರು, ಬಂದರು, ಹೋದರು, ಬಂದರು. ಅವರು ತಂದ ಅಕ್ಕಿ ಉಂಡು ಊರು ಜಗಲಿಯಲ್ಲಿ ಕೂತು ಕತ್ತಿಯವರ ಶೌರ್ಯದ ಮಾತಾಡಿತು. ಕೊನೆಗೊಮ್ಮೆ ಹೋದರು, ಬರಲಿಲ್ಲ. ಆ ದಿನ ಬಾನಂಚಿನಲ್ಲಿ ಹೊಗೆ ಕಂಡವರಿದ್ದಾರೆ. ಸೀದ ಅಕ್ಕಿಯ ವಾಸನೆ ದಡದ ತನಕ ಬಂದಿತ್ತು. ಅನ್ನ ತಳ ಹಿಡಿಯಿತೇನೋ ಎಂದು ಹೆಂಗಸರೆಲ್ಲ ಒಳಗೆ ಓಡಿ ತಮ್ಮ ತಮ್ಮ ಒಲೆ ನೋಡಿಕೊಂಡರು.

ಆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು ಭಂಡಾರಿ. ಈ ಕಥೆ ಅವನ ಹೆಂಡತಿಯದು.

ಅವಳಿಗೆ ದಾರಿಯಲ್ಲಿರುವ ಗಂಡನೊಬ್ಬ ಇದ್ದನಷ್ಟೆ. ಅವನಿಗೆ ದಿನವೂ ಎಲೆ ಹಾಕಬೇಕಿತ್ತು. ದೂರದಿಂದ ಬರುವವನು ಎಲ್ಲರಿಗಿಂತ ತಡವಾಗಿ ಬರುತ್ತಾನೆ ಎಂಬ ಲೆಕ್ಕದಲ್ಲಿ, ಊರೆಲ್ಲ ಉಂಡು ಕೈತೊಳೆದ ಮೇಲೆ ಅಂಗಳ ಸಾರಿಸಿ, ಎಲೆ ಹಾಕಿ, ಬಿಸಿ ಅನ್ನ ಬಡಿಸಿ, ಬಿದಿರ ಕೋಲು ಹಿಡಿದು ಪಕ್ಕದಲ್ಲಿ ಕೂರಬೇಕು. ಕೋಲು ಕಾಗೆಗಳಿಗೆ. ಕಾಗೆ ಮುಟ್ಟುವುದು ಸತ್ತವರ ಅನ್ನವನ್ನು, ಇವನು ಸತ್ತಿಲ್ಲವಲ್ಲ. ತೆಂಗಿನ ನೆರಳು ಎಲೆಯನ್ನು ದಾಟುವ ತನಕ ‘ಹುಶ್’ ಎನ್ನುತ್ತ ಕೂತು, ಆಮೇಲೆ ಆ ಅನ್ನವನ್ನು ನೀರಿಗೆ ಬಿಡಬೇಕು. ಗಂಡ ಉಣ್ಣದೆ ಹೆಂಡತಿ ಎಲೆ ಹಾಕಿಕೊಂಡು ಕೂರುವಂತಿಲ್ಲ. ಹಾಗೆಂದು ಉಪವಾಸ ಸಾಯುವುದಕ್ಕೂ ಆಗುವುದಿಲ್ಲವಲ್ಲ! ಅವಳು ಒಲೆಯ ಪಕ್ಕ ನಿಂತು, ಕಳ್ಳಬೆಕ್ಕಿನ ಹಾಗೆ, ಪಾತ್ರೆಯಿಂದಲೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಡಗು ಹೋದಂದಿನಿಂದ ಅವಳು ಕೂತು ಉಂಡದ್ದಿಲ್ಲ.

ಶುಕ್ರವಾರ ಹೆಂಗಸರು ಬಂದು ಅರಿಸಿನ ಕುಂಕುಮ ಹಚ್ಚಿ ‘ಪುಣ್ಯವಂತೆ’ ಎನ್ನುತ್ತಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ಡಂಗುರದವನು ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ: “ಭಂಡಾರಿ ಬಂದನೋ?” ಅವಳು “ದಾರಿಯಲ್ಲಿದ್ದಾರೆ” ಎನ್ನಬೇಕಿತ್ತು. ಅವನು ಡಂಗುರಕ್ಕೊಂದು ಪೆಟ್ಟು ಹಾಕಿ ಪಕ್ಕದ ಮನೆಗೆ, ಚುಕ್ಕಾಣಿಗನ ಮನೆಗೆ ಹೋಗುತ್ತಿದ್ದ. ಅಲ್ಲಿ ಕಣ್ಣು ಮಂಜಾದ ಮುದುಕಿಯೊಬ್ಬಳಿದ್ದಳು, ಚುಕ್ಕಾಣಿಗನ ತಾಯಿ. “ನನ್ನ ಮಗ ದಾರಿಯಲ್ಲಿದ್ದಾನಪ್ಪಾ” ಎಂದು ಅವಳು ಹಾಡಿನಂತೆ ಹೇಳುವುದು ಇತ್ತ ಕೇಳುತ್ತಿತ್ತು.

ಯುದ್ಧ ಮುಗಿಯಿತು, ಬೇರೆ ಹಡಗುಗಳು ಅಕ್ಕಿ ತರತೊಡಗಿದವು. ಹೀಗೆ ಎಷ್ಟು ಕಾಲ ನಡೆಯಿತೋ. ಅವಳ ತಲೆಗೂದಲು ಬಿಳಿಯಾಯಿತು, ಬಿದಿರ ಕೋಲು ಹಿಡಿದ ಜಾಗದಲ್ಲಿ ನುಣುಪಾಯಿತು. ದಿಬ್ಬದ ಮೇಲೆ ಕತ್ತಿಯವರ ಕಲ್ಲುಗಳು ಸಾಲಾಗಿ ಎಣ್ಣೆ ಕುಡಿದು ಮಿರಮಿರನೆ ಮಿಂಚಿದವು. ಒಂದು ಅಮಾವಾಸ್ಯೆಯ ಬೆಳಿಗ್ಗೆ ಡಂಗುರದವನು “ಭಂಡಾರಿ ಬಂದನೋ?” ಎಂದಾಗ ಅವಳು ಮೀನು ಕೊಯ್ಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ಸತ್ತರು.”

ಡಂಗುರದವನು ಎತ್ತಿದ ಕೈ ಹಾಗೇ ನಿಂತಿತು. “ಹಾಗೆ ಹೇಳ್ಬೇಡಿ ಅಕ್ಕಾ. ಆ ಮಾತಿಗೆ ಹೇಗೆ ಬಾರಿಸೂದು ಅಂತ ನಂಗೆ ಯಾರೂ ಕಲಿಸಲಿಲ್ಲ.”

“ಹಾಗಾದ್ರೆ ಬಾರಿಸ್ಬೇಡ. ಮನೆಗೆ ಹೋಗು.”

“ದಾರಿಯಲ್ಲಿದ್ದಾರೆ ಅಂತ ಒಂದು ಮಾತು ಅಂದುಬಿಡಿ. ಎಂತ ಖರ್ಚು ನಿಮಗೆ?”

“ಅದೆಂಥಾ ದಾರಿ ಮಾರಾಯಾ!” ಅವಳು ಮೀನನ್ನು ಮಣೆಯ ಮೇಲೆ ಎಸೆದು ಎದ್ದಳು. “ಆಮೆ ಹೊರಟಿದ್ರೂ ಇಷ್ಟೊತ್ತಿಗೆ ಬಂದು ಮೊಟ್ಟೆಯಿಟ್ಟು ವಾಪಸು ಹೋಗ್ತಿತ್ತು. ಸಾಕಾಯ್ತು ನಂಗೆ. ಕಾಗೆ ಓಡಿಸಿ ಓಡಿಸಿ ರಟ್ಟೆ ಬಿದ್ದುಹೋಯ್ತು. ಒಬ್ಬ ಮನುಷ್ಯನ್ನ ಸಾಯ್ಲಿಕ್ಕೂ ಬಿಡದ ಊರು ಇದು!”

ಕೈ ಕೂಡ ತೊಳೆಯದೆ ಗುರಿಕಾರನ ಮನೆಗೆ ನಡೆದಳು. ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ತನ್ನ ಗಂಡ ಸತ್ತ ಎಂದು ಊರು ಒಮ್ಮೆ ಬಾಯಿಬಿಟ್ಟು ಹೇಳಬೇಕು. ಯಾತಕ್ಕೆ ಸತ್ತ ಎಂಬುದನ್ನೂ ಹೇಳಬೇಕು. ಆಮೇಲೆ ಅವಳು ಒಮ್ಮೆ ಸರಿಯಾಗಿ ಅತ್ತು ಮುಗಿಸಬೇಕು. ಅಳು ಎದೆಯಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಬದುಕಿರುವವನಿಗಾಗಿ ಅಳುವುದು ಆ ಊರಿನಲ್ಲಿ ಅಪಶಕುನ.

ಗುರಿಕಾರ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ. ಮುದುಕನಾಗಿದ್ದ, ಆದರೆ ಬಾಯಿಗೆ ಮುಪ್ಪು ಬಂದಿರಲಿಲ್ಲ.

“ಹೆಣ ಉಂಟಾ?” ಎಂದ.

“ನೀರಲ್ಲಿ ಹೋದವರ ಹೆಣ ನಾನೆಲ್ಲಿಂದ ತರ್ಲಿ?”

“ಆಯುಧ ಹಿಡಿದಿದ್ನಾ?”

“ಸಟ್ಟುಗ ಹಿಡಿದಿದ್ರು.”

“ಸಟ್ಟುಗ ಆಯುಧ ಅಲ್ಲ. ಅವರು ಯುದ್ಧಕ್ಕೆ ಹೋದದ್ದಲ್ಲ ತಂಗೀ, ಅಕ್ಕಿ ತರ್ಲಿಕ್ಕೆ ಹೋದದ್ದು.”

“ಯುದ್ಧವೇ ಅವರಿದ್ದಲ್ಲಿಗೆ ಬಂತಲ್ಲ ಗುರಿಕಾರ್ರೇ! ಸುಡುವವರು ಬಂದು ಕೇಳಿದ್ರಾ, ನಿಮ್ಮ ಕೈಯಲ್ಲಿ ಕತ್ತಿಯಾ ಸಟ್ಟುಗವಾ ಅಂತ? ಯಾರ ಹೊಟ್ಟೆಗೆ ತರ್ಲಿಕ್ಕೆ ಹೋಗಿದ್ರು ಅವರು? ಆ ದಿವಸ ಹಡಗಿನ ಮೂತಿಗೆ ಕಾಯಿ ಒಡೆದು ಹೊರಡಿಸಿದವರು ಯಾರು?”

ಗುರಿಕಾರನ ದವಡೆ ನಿಂತಿತು. ಕಾಯಿ ಒಡೆದವನು ಅವನೇ. ಆ ಬೆಳಿಗ್ಗೆ ತಾಂಡೇಲ, ಅಂದರೆ ಹಡಗಿನ ಯಜಮಾನ, ಈ ಸಲ ಬೇಡ, ನೀರು ಸರಿಯಿಲ್ಲ ಎಂದಿದ್ದ. ಕಣಜ ಖಾಲಿಯಾಗಿದೆ ಹೋಗಿ ಎಂದವನು ಗುರಿಕಾರ. ಹೋದವರು ದಾರಿಯಲ್ಲಿರುವ ತನಕ ಯಾರೂ ಯಾರನ್ನೂ ಸಾವಿಗೆ ಕಳಿಸಿದಂತಾಗುವುದಿಲ್ಲ. ಊರಿನ ಕಟ್ಟಳೆ ಮುರಿಯಲಾರದಷ್ಟು ಗಟ್ಟಿಯಾಗಿದ್ದದ್ದಕ್ಕೆ ಇದೂ ಒಂದು ಕಾರಣ.

ಅವನು ಉಗುಳಿ ಬಂದು ಮೆತ್ತಗೆ ಹೇಳಿದ. “ಒಂದು ಉಪಾಯ ಮಾಡುವ. ಕಲ್ಲು ನಿಲ್ಲಿಸುವ. ಅವನ ಕೈಗೂ ಒಂದು ಕತ್ತಿ ಕೊಡುವ. ಯಾರು ನೋಡಿದ್ದು? ನಿನ್ನ ಕಾಗೆ ಕಾಟವೂ ತಪ್ತದೆ, ಊರಿನ ಮರ್ಯಾದೆಯೂ ಉಳೀತದೆ. ಕುಟಿಗನ ಹತ್ರ ಹೋಗು, ನಾನು ಹೇಳಿದ್ದೇನೆ ಅನ್ನು.”

ಅವಳು ಕಲ್ಲುಕುಟಿಗನ ಹತ್ತಿರ ಹೋದಳು. ನಿಜ ಹೇಳಬೇಕೆಂದರೆ ಆಸೆಯಿಂದಲೇ ಹೋದಳು. ದಣಿದವರಿಗೆ ಅರ್ಧ ಸುಳ್ಳೂ ನೆರಳಿನಂತೆ ಕಾಣುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಹೋದಾಗ ಕುಟಿಗ ಕಲ್ಲನ್ನು ಅರ್ಧ ಕೆತ್ತಿದ್ದ. ಕೆಳಗೆ ಯುದ್ಧ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಸ್ವರ್ಗ. ಕೆಳಗಿನ ಅಂಕಣದಲ್ಲಿ ಮೀಸೆ ತಿರುವಿಕೊಂಡು, ಎದೆ ಸೆಟೆದು, ಕತ್ತಿಯೆತ್ತಿ ನಿಂತವನೊಬ್ಬನಿದ್ದ.

“ಇದ್ಯಾರು?” ಎಂದಳು.

“ನಿಮ್ಮ ಗಂಡ.”

ಅವಳು ಆಚೆ ಈಚೆ ಸರಿದು ನೋಡಿದಳು. ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಭಂಡಾರಿಗೆ ಮೀಸೆ ಇರಲಿಲ್ಲ, ಒಲೆಯ ಉರಿಗೆ ಅದು ಯಾವಾಗಲೂ ಸುಟ್ಟುಹೋಗುತ್ತಿತ್ತು. ಏಡಿ ಕೈಬೀಸಿದರೆ ಹೆದರಿ ಹೆಂಡತಿಯನ್ನು ಕೂಗುತ್ತಿದ್ದವನು ಅವನು. ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದ, ಕೇಳಿದರೆ ಸುತ್ತಲೂ ಇಷ್ಟು ಉಪ್ಪುನೀರಿದೆ, ಬೇಕಾದವರು ಬೆರಳದ್ದಿ ನೆಕ್ಕಲಿ ಎನ್ನುತ್ತಿದ್ದ. ಹಡಗಿನಲ್ಲಿ ಕೊನೆಯ ಖಲಾಸಿ ಉಂಡು ಕೈತೊಳೆಯುವ ತನಕ ಭಂಡಾರಿ ತುತ್ತು ಎತ್ತುವಂತಿಲ್ಲ. ಇವನಿಗೆ ಆ ಚಟ ದಡದ ಮೇಲೂ ಬಿಡಲಿಲ್ಲ. ಮದುವೆಯ ಮನೆಗೆ ಹೋದರೆ ಪಂಕ್ತಿಯ ತುದಿಯಲ್ಲಿ ನಿಂತು ಯಾರ ಎಲೆಗೆ ಏನು ಬರಲಿಲ್ಲ ಎಂದು ನೋಡುತ್ತಿದ್ದ. ಅವಳಿಗೆ ಆಗೆಲ್ಲ ಮೈ ಉರಿಯುತ್ತಿತ್ತು. ಈಗ ಈ ಮೀಸೆಯವನನ್ನು ನೋಡಿ ಆ ಉರಿಯೆಲ್ಲ ಒಟ್ಟಿಗೆ ಬಂತು, ಆದರೆ ಬೇರೆಯವರ ಮೇಲೆ.

“ಕತ್ತಿ ತೆಗಿ. ಸಟ್ಟುಗ ಮಾಡು.”

“ಸಟ್ಟುಗ ಹಿಡಿದವನನ್ನು ಅಪ್ಸರೆಯರು ಎತ್ತೂದಿಲ್ಲ ಅಮ್ಮಾ,” ಕುಟಿಗ ಸಂಕಟದಿಂದ ಹೇಳಿದ. “ನನ್ನ ಅಜ್ಜ ಕತ್ತಿ ಕೆತ್ತಿದ, ಅಪ್ಪ ಕತ್ತಿ ಕೆತ್ತಿದ. ಉಳಿ ಹಿಡಿದ್ರೆ ಕೈ ತಾನಾಗಿ ಕತ್ತಿಗೇ ಹೋಗ್ತದೆ.”

“ಅವರು ಎತ್ತದಿದ್ರೆ ಬೇಡ. ನಮ್ಮವರೇ ಆ ಅಪ್ಸರೆಯರಿಗೂ ಒಂದಿಷ್ಟು ಗಂಜಿ ಮಾಡಿ ಹಾಕ್ತಿದ್ರು. ಬೇರೆಯವನ ಸಾವು ನನ್ನ ಗಂಡನಿಗೆ ಬೇಡ. ಅವರ ಸಾವನ್ನೇ ಅವರಿಗೆ ಕೊಡು.”

ಕಲ್ಲು ಅರ್ಧಕ್ಕೆ ನಿಂತಿತು. ಅವಳು ಮನೆಗೆ ಬಂದು, ಎಲೆ ಹಾಕಿ, ಕೋಲು ಹಿಡಿದು ಕೂತಳು. ಹುಶ್. ಹುಶ್. ಪಕ್ಕದ ಅಂಗಳದಿಂದ ಮುದುಕಿ ಕೇಳಿದಳು, “ಹೋದ ಕೆಲಸ ಆಯ್ತಾ ಮಗಾ?” ಅವಳು ಕಾಗೆಗೆ ಕೋಲು ಬೀಸಿದಳು. ಮುದುಕಿಯ ಅಂಗಳದಲ್ಲಿ ಹುಶ್ ಎನ್ನುವ ಸದ್ದೇ ಇರಲಿಲ್ಲವೆಂಬುದು ಅವಳ ತಲೆಗೆ ಆಗಲೂ ಹೋಗಲಿಲ್ಲ.

ಆಮೇಲೆ ಕಲ್ಲಿನ ಹಬ್ಬ ಬಂತು. ಆ ದಿನ ಊರಿನಲ್ಲಿ ಯಾರ ಮನೆಯಲ್ಲೂ ಒಲೆ ಉರಿಯಬಾರದು. ಎಲ್ಲರೂ ದಿಬ್ಬದ ಮೇಲೆ, ಕತ್ತಿಯವರ ಕಲ್ಲುಗಳೆದುರು ಸಾಲಾಗಿ ಕೂತು ಉಣ್ಣಬೇಕು. ಅಡುಗೆ ಹಿಂದಿನಿಂದಲೂ ಭಂಡಾರಿಯ ಮನೆಯದು. ಭಂಡಾರಿ ದಾರಿಯಲ್ಲಿದ್ದುದರಿಂದ ಹೆಂಡತಿಯದು. ಪ್ರತಿ ವರ್ಷ ಅವಳು ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದಳು. ಈ ವರ್ಷವೂ ಬೆಳಿಗ್ಗೆಯೇ ದಿಬ್ಬದ ಹಿಂದೆ ದೊಡ್ಡ ಹಂಡೆಗಳನ್ನಿಟ್ಟು ಅನ್ನ ಸಾರು ಮಾಡಿದಳು. ಸೌದೆ ಸಾಲದೆ ಬಂದಾಗ ಸುತ್ತಲೂ ನೋಡಿ, ಅಭ್ಯಾಸದಿಂದ ಜೊತೆಗೆ ತಂದಿದ್ದ ಬಿದಿರ ಕೋಲನ್ನೇ ಮುರಿದು ಒಲೆಗಿಟ್ಟಳು. ಚಟಚಟನೆ ಉರಿಯಿತು. ಹಂಡೆಗೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಕಲ್ಲು ಹೇರಿದಳು.

ಮಧ್ಯಾಹ್ನ ಊರು ಬಂದು ಕೂತಿತು. ಎಲೆ ಹಾಕಿದ್ದಾಯಿತು, ನೀರು ಚಿಮುಕಿಸಿದ್ದಾಯಿತು. ಅವಳು ಉಪ್ಪಿನ ಬಟ್ಟಲು ಹಿಡಿದು ಬಂದು, ಮೊದಲ ಎಲೆಯಿಂದ ಕೊನೆಯ ಎಲೆಯ ತನಕ ತುದಿಗೊಂದು ಚಿಟಿಕೆ ಉಪ್ಪು ಬಡಿಸಿದಳು. ಬಡಿಸಿ, ಬಟ್ಟಲು ಕೆಳಗಿಟ್ಟು, ಕಲ್ಲುಗಳಿಗೆ ಬೆನ್ನು ಹಾಕಿ ಕೂತುಬಿಟ್ಟಳು.

ಊರು ಕಾಯಿತು. ಬಿಸಿಲು ಏರಿತು. ಎಲೆಗಳು ಗಾಳಿಗೆ ಅಲ್ಲಾಡಿದವು.

“ಅನ್ನ ಎಲ್ಲಿ?” ಗುರಿಕಾರ ಕೇಳಿದ.

“ದಾರಿಯಲ್ಲಿದೆ,” ಎಂದಳು.

ಯಾರೋ ಕಿಸಕ್ಕನೆ ನಕ್ಕರು. ನಗುವಂಥದ್ದಲ್ಲವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮತ್ತೆ ಕಾದರು. ಮತ್ತೆ ಕೇಳಿದರು. ದಾರಿಯಲ್ಲಿದೆ. ಮಕ್ಕಳು ಉಪ್ಪು ನೆಕ್ಕಿ ಮುಖ ಸಿಂಡರಿಸಿದವು. ಗಂಡಸರು ಗೊಣಗಿದರು. ಹಬ್ಬದ ದಿನ ಎಲೆಯ ಮುಂದೆ ಕೂತವರು ಉಣ್ಣದೆ ಏಳುವಂತಿರಲಿಲ್ಲ; ಅದೂ ಅವರದೇ ಕಟ್ಟಳೆ.

“ಇದೆಂಥಾ ಹುಚ್ಚಾಟ ತಂಗೀ!” ಗುರಿಕಾರ ಗುಡುಗಿದ. “ಹಸಿದವರ ಹೊಟ್ಟೆ ಮೇಲೆ ಹೊಡೀತೀಯಾ?”

“ಒಂದು ಮಧ್ಯಾಹ್ನ, ಗುರಿಕಾರ್ರೇ. ಒಂದೇ ಒಂದು ಮಧ್ಯಾಹ್ನ ನಿಮಗೆ ಕಾಯ್ಲಿಕ್ಕೆ ಆಗ್ಲಿಲ್ಲ.” ಅವಳ ದನಿ ಏರಿತು. “ಉಂಡ ಮನೆಯ ಜಂತೆ ಎಣಿಸೂದು ಅಂದ್ರೆ ಇದೇ. ಈ ಕಲ್ಲಿನವರು ಕತ್ತಿ ಬೀಸಿದ್ದು ಯಾವ ಅನ್ನ ಉಂಡು? ನೀವು ಯುದ್ಧ ಮುಗಿಯುವ ತನಕ ಜೀವ ಹಿಡಿದದ್ದು ಯಾವ ಅನ್ನ ಉಂಡು? ತಂದವರಿಗೊಂದು ಸಾವು ಕೊಡ್ಲಿಕ್ಕೆ ನಿಮಗೆ ಬಾಯಿ ಬರೂದಿಲ್ಲ. ಅವರು ಬರ್ತಾರೆ ಅಂತಾದ್ರೆ ಅನ್ನವೂ ಬರ್ತದೆ. ಕಾಯಿರಿ!”

ಆಗ ಪಂಕ್ತಿಯ ಕೊನೆಯಿಂದ ಚುಕ್ಕಾಣಿಗನ ತಾಯಿಯ ದನಿ ಬಂತು. “ನನ್ನ ಮಗ ಬರೂದಿಲ್ಲ.”

ಎಲ್ಲರೂ ತಿರುಗಿದರು. ಮುದುಕಿ ಮಂಜುಗಣ್ಣುಗಳನ್ನು ಖಾಲಿ ಎಲೆಯ ಮೇಲೆ ನೆಟ್ಟು ಕೂತಿದ್ದಳು.

“ನನ್ನ ಅಂಗಳದ ಎಲೆಯನ್ನು ಮೊದಲ ವರ್ಷದಿಂದ ಕಾಗೆಯೇ ಉಣ್ತಾ ಇದೆ. ಕಣ್ಣು ಕಾಣದವಳಿಗೆ ಕಾಗೆ ಯಾವುದು ಪಾರಿವಾಳ ಯಾವುದು? ಕೇಳಿದ್ರೆ ಹಾಗೆ ಹೇಳುವ ಅಂತ ಇದ್ದೆ. ಯಾರೂ ಕೇಳ್ಲೇ ಇಲ್ಲ. ಅದು ಗಬಗಬ ತಿನ್ನೂದು ಕೇಳಿದ್ರೆ ನಂಗೆ ಎಷ್ಟು ಸಮಾಧಾನ ಗೊತ್ತುಂಟಾ? ಅವನು ಸಣ್ಣದ್ರಲ್ಲೂ ಹಾಗೇ ತಿನ್ನೂದು.” ಆಮೇಲೆ ಅವಳು ಮುಖವೆತ್ತಿ ಸರಿಯಾಗಿ ಗುರಿಕಾರನಿದ್ದ ಕಡೆಗೇ ನೋಡಿದಳು. “ನಿನಗೆ ನೋವಾಗ್ತದೆ ಅಂತ ದಾರಿಯಲ್ಲಿದ್ದಾನೆ ಅಂತಿದ್ದೆ ಮಗಾ. ಕಾಯಿ ಒಡೆದವನು ನೀನಲ್ವಾ. ಇನ್ನು ಸಾಕು. ನಂಗೂ ವಯಸ್ಸಾಯ್ತು.”

ಗುರಿಕಾರ ಎಲೆಯ ಮೇಲಿನ ಉಪ್ಪಿನ ಚಿಟಿಕೆಯನ್ನು ನೋಡಿದ. ಬೆರಳಿನಿಂದ ಅದನ್ನು ಅತ್ತಿತ್ತ ಸರಿಸಿದ. ಕೊನೆಗೆ ಎಲೆಯ ಮುಂದಿನಿಂದ ಎದ್ದ. ಕಟ್ಟಳೆ ಮುರಿದು ಎದ್ದ. ಕಡಲಿಗೆ ಮುಖ ಮಾಡಿ ನಿಂತ.

“ತಾಂಡೇಲ ಬೇಡ ಅಂದಿದ್ದ. ನಾನು ಹೋಗಿ ಅಂದೆ,” ಎಂದ. “ಹಡಗಿನವರೆಲ್ಲ ಸತ್ತರು. ಚುಕ್ಕಾಣಿಗ ಸತ್ತ. ಭಂಡಾರಿ ಸತ್ತ. ಯುದ್ಧದಲ್ಲಿ ಸತ್ತರು. ನಮಗೆ ಅನ್ನ ತರ್ತಾ ಸತ್ತರು.”

ಡಂಗುರದವನು ಏನು ಮಾಡಬೇಕೆಂದು ತೋಚದೆ ಡಂಗುರವನ್ನು ಮಗ್ಗುಲಾಗಿ ಮರಳ ಮೇಲೆ ಇಟ್ಟ. ಅದೇ ಸರಿಯಾಗಿ ಕಂಡಿತು.

ಭಂಡಾರಿಯ ಹೆಂಡತಿ ಎದ್ದಳು. ಅಳುವುದಕ್ಕಿಂತ ಮೊದಲು ಕೆಲಸ. ಹಂಡೆಯ ಮುಚ್ಚಳ ತೆಗೆದು ಮೊದಲ ಅನ್ನವನ್ನು ತಂದು, ಎಲ್ಲರೆದುರು, ಕಲ್ಲುಗಳ ಸಾಲಿನ ಪಕ್ಕದಲ್ಲಿ ಎಲೆ ಹಾಕಿ ಬಡಿಸಿದಳು. ಊರಿಗಿಂತ ಮೊದಲು, ಗುರಿಕಾರನಿಗಿಂತ ಮೊದಲು, ಕತ್ತಿಯವರಿಗಿಂತ ಮೊದಲು. ಬಡಿಸಿ ಹಿಂದೆ ಸರಿದು ನಿಂತಳು.

ಕಾಗೆ ಬರಲಿಲ್ಲ.

ತೆಂಗಿನ ಮೇಲೆ ಹಿಂಡೇ ಕೂತಿತ್ತು. ಒಂದು ಕಾಗೆ ಹಾರಿ ಬಂದು, ಮಾರು ದೂರದಲ್ಲಿ ಕುಪ್ಪಳಿಸಿ, ಕತ್ತು ಓರೆ ಮಾಡಿ ನೋಡಿ ವಾಪಸು ಹೋಯಿತು. ಹಸಿದ ಊರು ನೋಡಿತು. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರು ಹೆಂಗಸರು. ಆಸೆ ಉಳಿದರೆ ಕಾಗೆ ಮುಟ್ಟುವುದಿಲ್ಲ. “ಸಟ್ಟುಗವನ್ನೇ ಕೆತ್ತುತ್ತೇನೆ ಭಂಡಾರೀ” ಎಂದು ಕಲ್ಲುಕುಟಿಗ ಕೈಮುಗಿದು ಮಾತು ಕೊಟ್ಟ. ಕಾಗೆ ಬರಲಿಲ್ಲ. ಗುರಿಕಾರ ಮರಳಿಗೆ ತಲೆಯಿಟ್ಟು ತಪ್ಪೊಪ್ಪಿಕೊಂಡ. ಬರಲಿಲ್ಲ. ಬದುಕಿಯೇ ಇದ್ದಾನೇನೋ ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು.

“ಏನಾಗಿದೆ ನಿಮಗೆ?” ಕಾಗೆಗಳ ಮೇಲೆ ಹರಿಹಾಯ್ದಳು. “ಇಷ್ಟು ಕಾಲ ಹೊಡೆದ್ರೂ ಬರ್ತಿದ್ರಿ, ಬೈದ್ರೂ ಬರ್ತಿದ್ರಿ. ಇವತ್ತು ಕರೆದ್ರೆ ಬಿಂಕವಾ?”

ಹೇಳುತ್ತ ಹೇಳುತ್ತ ಅವಳ ಕಣ್ಣು ಪಂಕ್ತಿಯ ಕಡೆಗೆ ಹೋಯಿತು. ಉದ್ದಕ್ಕೆ ಎಲೆಗಳು, ಎಲ್ಲದರ ತುದಿಯಲ್ಲೂ ಬರಿಯ ಉಪ್ಪು. ಉಪ್ಪಿನ ಎಲೆಯ ಮುಂದೆ ಕೂತ ಒಣಗಿದ ಮುಖಗಳು. ದಿನವೂ ಬರುತ್ತಿದ್ದ ಕಾಗೆ ಇಂದೇ ಯಾಕೆ ಬಾರದು? ದಿನವೂ ಊರು ಉಂಡಿರುತ್ತಿತ್ತು. ಇಂದು ಊರು ಹಸಿದಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಡಲನ್ನೇ ದುರುಗುಟ್ಟಿ ನೋಡಿದಳು.

“ಸತ್ತ ಮೇಲೂ ಬುದ್ಧಿ ಬರ್ಲಿಲ್ಲ ನಿಮಗೆ!” ಎಂದು ಕೂಗಿದಳು. “ಒಂದು ಸಲ, ಜೀವಮಾನದಲ್ಲಿ ಒಂದು ಸಲ ಮೊದಲು ಉಣ್ಣಿ ಅಂತ ನಾನು ಊರಿನವರ ಜತೆಗೆಲ್ಲ ಜಗಳ ಕಾದೆ. ಆಗೂದಿಲ್ಲ ಅಲ್ವಾ? ಇವರೆಲ್ಲ ಕೈತೊಳೀಬೇಕು ಅಲ್ವಾ? ಆಯ್ತು ಮಾರಾಯ್ರೆ, ಆಯ್ತು!”

ಹಂಡೆಯ ಹತ್ತಿರ ಹೋಗಿ ಸಟ್ಟುಗ ಎತ್ತಿಕೊಂಡಳು. ಬಡಿಸಿದಳು. ಮಕ್ಕಳಿಗೆ ಬಡಿಸಿದಳು, ಕುಟಿಗನಿಗೆ ಬಡಿಸಿದಳು, ಡಂಗುರದವನಿಗೆ ಬಡಿಸಿದಳು. ಮುದುಕಿಯ ಎಲೆಗೆ ಕೈಹಿಡಿದು ತೋರಿಸಿ ಬಡಿಸಿದಳು. ಗುರಿಕಾರ ಮತ್ತೆ ಕೂತು, ತನಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದ. “ಕೈ ತೆಗೀರಿ,” ಎಂದು ಗದರಿದಳು. “ನೀವು ಉಣ್ಣದೆ ಅವರು ಉಣ್ಣೂದಿಲ್ಲ.” ಅವನು ಕೈ ತೆಗೆದ. ಯಾರ ಎಲೆಗೆ ಸಾರು ಬರಲಿಲ್ಲವೆಂದು ಅವಳು ಪಂಕ್ತಿಯ ತುದಿಯಲ್ಲಿ ನಿಂತು ನೋಡಿದಳು. ಊರು ತಲೆ ತಗ್ಗಿಸಿ ಉಂಡಿತು. ಸಾರಿಗೆ ಉಪ್ಪು ಕಡಿಮೆಯಿತ್ತು, ಯಾರೂ ಸೊಲ್ಲೆತ್ತಲಿಲ್ಲ. ಎಲ್ಲರಿಗಿಂತ ಕೊನೆಗೆ ಗುರಿಕಾರ ಎಲೆ ಮಡಚಿ, ಎದ್ದು, ನೀರಿನಂಚಿಗೆ ಹೋಗಿ ಕೈ ತೊಳೆದ.

ಕಾಗೆ ತೆಂಗಿನಿಂದ ಇಳಿಯಿತು.

ಅವಳ ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ ಕೋಲು ಹುಡುಕಿತು. ಕೋಲಿರಲಿಲ್ಲ, ಒಲೆಯಲ್ಲಿ ಬೂದಿಯಾಗಿತ್ತು. ಕಾಗೆ ಎಲೆಯ ಅಂಚಿನಲ್ಲಿ ನಿಂತು ಒಂದು ತುತ್ತು ಕೊಕ್ಕಿನಲ್ಲಿ ಎತ್ತಿತು, ಮತ್ತೊಂದು ಎತ್ತಿತು. ಅವಳು ಅಲ್ಲೇ ಮರಳಿನ ಮೇಲೆ ಕುಸಿದು ಕೂತು ದೊಡ್ಡ ದನಿಯಲ್ಲಿ ಅತ್ತಳು. ಸುಮ್ಮನಿರು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮುದುಕಿ ತಡವರಿಸುತ್ತ ಬಂದು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಅಳು ಮುಗಿಯಿತು. ಅವಳು ಸೆರಗಿನಿಂದ ಮುಖ ಒರೆಸಿ ಎದ್ದು ಹಂಡೆಯೊಳಗೆ ನೋಡಿದಳು. ತಳದಲ್ಲಿ ಸ್ವಲ್ಪ ಅನ್ನ ಉಳಿದಿತ್ತು. ಒಂದು ಎಲೆ ತಂದು, ನೀರು ಚಿಮುಕಿಸಿ, ತನಗೆ ಹಾಕಿಕೊಂಡು ಕೂತಳು.